ಸುಮ್ಮನೆ ಕೊಟ್ಟ ಎಂಟಡಿ

ಶಿವರಾತ್ರಿ ಕಳೆದ ಮೂರನೇ ದಿನ ಬೆಳಿಗ್ಗೆ ಗುರುಪಾದಸ್ವಾಮಿಯವರು ನಮ್ಮ ಜಗಲಿಯ ಮೇಲೆ ಬಂದು ಕೂತು, "ಸೋಮಮ್ಮ, ನಿಮ್ಮ ಹೊಲದ ಎಂಟಡಿ ನಮ್ಮ ಬದುವಿನೊಳಕ್ಕೆ ಸೇರ್ಕಂಡದ. ಅದು ನಮ್ದಲ್ಲ. ಅಳತೆ ಮಾಡಿಸಿ ಕೊಟ್ಬುಡ್ತೀನಿ, ತಕ್ಕೊ" ಅಂದರು. ನಾನು ಮೊದಲು ನೋಡಿದ್ದು ಅವರ ಅಂಗಿಯ ಜೇಬನ್ನು. ನನ್ನ ಕೈಯಲ್ಲಿ ಸಹಿ ಹಾಕಿಸಿಕೊಳ್ಳುವ ಕಾಗದ ಏನಾದರೂ ಇಣುಕುತ್ತಿದೆಯಾ ಅಂತ.

ಇರಲಿಲ್ಲ. ಇಲ್ಲದ್ದರಿಂದಲೇ ನನ್ನ ಅನುಮಾನ ಇನ್ನೂ ಜಾಸ್ತಿಯಾಯಿತು.

ಇದೆಂಥ ಹೆಂಗಸು ಅಂತ ನಿಮಗೆ ಅನ್ನಿಸಬಹುದು. ಅನ್ನಿಸಲಿ. ತೆರಕಣಾಂಬಿಯಿಂದ ಮೂರು ಮೈಲಿ ಒಳಗಿರುವ ನಮ್ಮೂರಿಗೆ ಸೊಸೆಯಾಗಿ ಬಂದು ಮೂವತ್ನಾಲ್ಕು ವರ್ಷವಾಯಿತು. ಗಂಡ ಹೋಗಿ ಹನ್ನೊಂದು ವರ್ಷ. ಅಷ್ಟು ವರ್ಷದಲ್ಲಿ ನಮ್ಮ ಮನೆಗೆ ಯಾರೂ ಏನನ್ನೂ ಸುಮ್ಮನೆ ತಂದುಕೊಟ್ಟದ್ದನ್ನು ನಾನು ಕಂಡಿಲ್ಲ. ತಂದವರೆಲ್ಲ ಹೋಗುವಾಗ ತಂದದ್ದಕ್ಕಿಂತ ಜಾಸ್ತಿ ಹೊತ್ತುಕೊಂಡೇ ಹೋಗಿದ್ದಾರೆ.

ಅದೂ ಆ ಮನೆಯವರು! ನಮ್ಮದು ಒಂದೂವರೆ ಎಕರೆ ಹೊಲ. ಸುತ್ತ ಬೇರೆಯವರ ಜಮೀನು, ಮುಂದೆ ಗುರುಪಾದಸ್ವಾಮಿಯವರ ಹೊಲ, ಅದರಾಚೆ ಟಾರು ರಸ್ತೆ. ಹಿಂದೆ ನಮ್ಮ ಹೊಲದಿಂದ ರಸ್ತೆಯವರೆಗೆ ಎಂಟಡಿ ಅಗಲದ ಪಟ್ಟಿಯೊಂದಿತ್ತಂತೆ, ಗಾಡಿ ಓಡಾಡುವಷ್ಟು. ಇವರಪ್ಪ ದೊಡ್ಡಮಲ್ಲಪ್ಪ ನಲವತ್ತೆರಡು ವರ್ಷದ ಹಿಂದೆ ಕಲ್ಲು ಕಿತ್ತು ನೆಟ್ಟು ಆ ಪಟ್ಟಿಯನ್ನು ಉತ್ತುಕೊಂಡರು. ನಮ್ಮ ಮಾವ ಊರ ಹಿರಿಯರ ಮುಂದೆ ನಿಂತು ಅತ್ತರಂತೆ. ನಾಯಕ ಜಾತಿಯ ಬಡವನು ಅತ್ತರೆ ಆಗ ಕೇಳುವವರು ಯಾರಿದ್ದರು? "ತಲೆ ಮೇಲೆ ಹೊತ್ಕಂಡ್ ಬದು ದಾಟು, ಯಾರ್ ಬ್ಯಾಡ ಅಂದರು?" ಅಂತ ಹೇಳಿ ಕಳಿಸಿದರು. ಅಂದಿನಿಂದ ನಾವು ತಲೆ ಮೇಲೆ ಹೊತ್ತುಕೊಂಡೇ ದಾಟುತ್ತಿದ್ದೇವೆ.

ನಾವು ಬೆಳೆಯುವುದು ಚೆಂಡುಹೂವು. ಓಣಂಗೆ ಮುಂಚೆ ಕೇರಳದ ವ್ಯಾಪಾರಿಗಳು ಬಂದು ರಸ್ತೆಯಲ್ಲೇ ತೂಕ ಮಾಡಿಸಿಕೊಂಡು ಹೋಗುತ್ತಾರೆ. ಹೊಲದಿಂದ ಆ ರಸ್ತೆಯವರೆಗೆ ಹಸಿ ಹೂವಿನ ಮೂಟೆಗಳನ್ನು ತಲೆ ಮೇಲೆ ಹೊರಬೇಕು. ಹೋದ ವರ್ಷ ಬದುವಿನ ಮೇಲೆ ಕಾಲು ಜಾರಿ ನನ್ನ ಬಲಮೊಣಕಾಲು ಊದಿಕೊಂಡದ್ದು ಇನ್ನೂ ಪೂರ್ತಿ ಇಳಿದಿಲ್ಲ. ಮಗ ಶಶಿಕುಮಾರ ಟೆಂಪೊ ಓಡಿಸುತ್ತಾನೆ, ತೆರಕಣಾಂಬಿಯಿಂದ ತರಕಾರಿ ತುಂಬಿಕೊಂಡು ಕೇರಳದ ಬತ್ತೇರಿಗೆ ಹೋಗಿ ಬರುತ್ತಾನೆ. ಅವನು ಕಡ್ಡಿ ಮುರಿದಂತೆ ಹೇಳಿಬಿಟ್ಟಿದ್ದ: "ಯುಗಾದಿ ಒಳಗ ದಾರಿ ಆದ್ರ ಸರಿ. ಇಲ್ದಿದ್ರ ಶುಂಠಿ ಹಾಕೋರಿಗೆ ಮೂರು ವರ್ಷಕ್ಕ ಹೊಲ ಕೊಟ್ಬುಡನ ಕಣವ್ವ. ನೀನು ಬದು ಮ್ಯಾಲ ಬಿದ್ದು ಸಾಯೋದ ನಾನು ನೋಡಕ್ಕಾಗಲ್ಲ." ಶುಂಠಿಗೆ ಕೊಟ್ಟ ಹೊಲ ವಾಪಸ್ಸು ಬರುವ ಹೊತ್ತಿಗೆ ಮಣ್ಣಿನಲ್ಲಿ ಜೀವ ಇರುವುದಿಲ್ಲ. ಅದೂ ಅಲ್ಲದೆ, ಹೊಲಕ್ಕೆ ಹೋಗದೆ ಮನೆಯಲ್ಲಿ ಕೂತು ನಾನೇನು ಮಾಡಲಿ? ಆ ದಾರಿ ಸಿಕ್ಕರೆ ಹೊಲ ಉಳಿಯುತ್ತದೆ, ಸಿಗದಿದ್ದರೆ ಇಲ್ಲ. ಅಷ್ಟೇ ಲೆಕ್ಕ.

ಈಗ ಆ ದಾರಿಯನ್ನು ಇವರು ಜಗಲಿಗೆ ತಂದು ಇಡುತ್ತಿದ್ದಾರೆ.

"ನಲವತ್ತೆರಡು ವರ್ಷ ಸುಮ್ನಿದ್ದು ಈಗ್ಯಾಕ ಸ್ವಾಮೇರೆ?" ಅಂದೆ.

ಅವರು ಟವೆಲಿನಿಂದ ಕತ್ತು ಒರೆಸಿಕೊಂಡರು. "ಅಪ್ಪ ಕಲ್ಲು ಕೀಳೋವಾಗ ಹಾರೆ ಹಿಡುದ್ದೋನು ನಾನೇಯ. ಹದಿನೆಂಟು ವರ್ಷ ಆಗ. ಯಾಕ ಅಂದ್ರ ಅದೇಯ."

"ಅಪ್ಪ ಸತ್ತು ಇಪ್ಪತ್ತು ವರ್ಷ ಆಯ್ತಲ್ಲ?"

"ಆಯ್ತು."

"ಅವತ್ತೇ ಕೊಡಬಹುದಿತ್ತಲ್ಲ?"

"ಕೊಡಬಹುದಿತ್ತು" ಅಂದರು. ಕಾಫಿ ಕೊಟ್ಟೆ, ಕುಡಿದರು, ಎದ್ದು ಹೋದರು. ಅವರು ಹೋದ ಮೇಲೆ ಲೋಟ ತೊಳೆಯುತ್ತ, ಎಲಾ ಇವರ, ಯಾವ ಗಾಳ ಇದು ಅಂತ ಯೋಚನೆ ಮಾಡುತ್ತಲೇ ಇದ್ದೆ.

ನಮ್ಮ ಕಡೆ ಹೂ ಬಿಡಿಸುವುದು ಮುಯ್ಯಾಳಿನ ಮೇಲೆ. ಇವತ್ತು ನೀಲಾವತಿ, ಪುಟ್ಟಮಲ್ಲಮ್ಮ ನನ್ನ ಹೊಲಕ್ಕೆ ಬಂದರೆ, ನಾಳೆ ನೀಲಾವತಿಯ ಹೊಲಕ್ಕೆ ನಾನು, ನಾಡಿದ್ದು ಪುಟ್ಟಮಲ್ಲಮ್ಮನ ಹೊಲಕ್ಕೆ. ಕೂಲಿಯ ಮಾತಿಲ್ಲ, ಆಳಿಗೆ ಆಳು. ಮುಯ್ಯಿ ತೀರಿಸದವಳ ಹೊಲಕ್ಕೆ ಮುಂದಿನ ವರ್ಷ ಒಂದು ಕಾಗೆಯೂ ಬರುವುದಿಲ್ಲ. ಇದು ನನಗೆ ಒಪ್ಪುವ ವ್ಯವಹಾರ. ಕೊಡುವವಳಿಗೆ ಏನು ಬೇಕು ಅಂತ ನನಗೆ ಮೊದಲೇ ಗೊತ್ತು, ನನಗೆ ಏನು ಬೇಕು ಅಂತ ಅವಳಿಗೆ ಗೊತ್ತು. ಇಬ್ಬರಿಗೂ ರಾತ್ರಿ ನಿದ್ದೆ ಬರುತ್ತದೆ. ಎಂಟಡಿ ಭೂಮಿಗೆ ಮುಯ್ಯಿ ಏನು? ಅದನ್ನು ಹೇಳದೆ ಕೊಡುತ್ತೇನೆ ಅನ್ನುವವನ ಎದುರು ಕೈ ಚಾಚಲು ನನಗೇನು ತಲೆ ಕೆಟ್ಟಿದೆಯಾ?

ವಿಚಾರಿಸತೊಡಗಿದೆ. ರಸ್ತೆ ಅಗಲ ಮಾಡುತ್ತಾರಾ, ಅದರಲ್ಲಿ ಏನಾದರೂ ತಾಪತ್ರಯ ಇದೆಯಾ ಅಂತ ಶಶಿಯನ್ನು ಕರೆದುಕೊಂಡು ಗುಂಡ್ಲುಪೇಟೆಯ ತಾಲ್ಲೂಕು ಕಚೇರಿಗೆ ಹೋದೆ. ಅಂಥದ್ದೇನೂ ಇಲ್ಲ ಅಂದರು. ದೊಡ್ಡ ಕರೆಂಟಿನ ಲೈನು ಬರುತ್ತದಾ ಅಂತ ಕೇಳಿದೆ. ಇಲ್ಲ. ಸ್ವಾಮಿಯವರಿಗೆ ಕಾಯಿಲೆ ಗೀಯಿಲೆ ಏನಾದರೂ ಬಂದು ಪಾಪ ತೊಳೆದುಕೊಳ್ಳಲು ಹೊರಟಿದ್ದಾರಾ ಅಂತ ಅವರ ಹೆಂಡತಿ ನಾಗರತ್ನಮ್ಮನನ್ನು ಹಾಲಿನ ಡೇರಿಯ ಹತ್ತಿರ ಹಿಡಿದು ಕೇಳಿದೆ. "ಗುಂಡುಕಲ್ಲಂಗ ಅವ್ರ" ಅಂದರು. ಪಂಚಾಯ್ತಿಗೆ ನಿಲ್ಲುತ್ತಾರಾ ಅಂದೆ. ಆಯಮ್ಮ ನನ್ನ ಮುಖವನ್ನೇ ನೋಡದೆ, "ಅವರ್ನೇ ಕೇಳು ಸೋಮಮ್ಮ, ನನ್ನ ಕೇಳಬ್ಯಾಡ" ಅಂತ ಕ್ಯಾನು ಎತ್ತಿಕೊಂಡು ಹೊರಟುಹೋದರು. ಮುಖ ತಪ್ಪಿಸಿದ್ದನ್ನು ನೋಡಿ ನನಗೆ ಖಾತ್ರಿಯಾಯಿತು. ಏನೋ ಇದೆ.

ಅಳತೆಯವರು ಬಂದರು. ಮೂರು ಕಾಲಿನ ಯಂತ್ರ ನಿಲ್ಲಿಸಿ, ಹಳೇ ನಕ್ಷೆ ಹಿಡಿದು ನೋಡಿ, ಪಟ್ಟಿ ನಮ್ಮ ಸರ್ವೆ ನಂಬರಿಗೇ ಸೇರಿದ್ದು ಅಂದರು. ಆದರೆ ನಲವತ್ತು ವರ್ಷ ಅವರ ಅನುಭವದಲ್ಲಿರುವುದರಿಂದ ಅವರು ಬಿಟ್ಟುಕೊಟ್ಟೆ ಅಂತ ಬರೆದುಕೊಡಬೇಕು, ನಾನು ಒಪ್ಪಿಕೊಂಡೆ ಅಂತ ಸಹಿ ಹಾಕಬೇಕು. ಗುರುಪಾದಸ್ವಾಮಿಯವರು ಬಗ್ಗಿ, ಟೆಂಪೊದ ಬಾನೆಟ್ಟಿನ ಮೇಲೆ ಕಾಗದ ಇಟ್ಟು ಸಹಿ ಮಾಡಿ ಪೆನ್ನು ನನ್ನ ಕಡೆ ಚಾಚಿದರು.

ನಾನು ಕೈ ಹಿಂದಕ್ಕೆ ಕಟ್ಟಿಕೊಂಡೆ. "ಮೊದಲು ನಿಮ್ಗ ಯಾನ ಬೇಕು ಅನ್ನೋದ ಹೇಳಿ. ಆಮ್ಯಾಲ ಸಹಿ."

"ನಂಗೇನೂ ಬ್ಯಾಡ ಕಣವ್ವ."

"ಬ್ಯಾಡ ಅನ್ನೋರು ಕೊನ್ಗ ಎಲ್ಲಾನೂ ಕೇಳ್ತರ. ನನ್ನ ಕಿವಿಗ ಹೂ ಮಡಗಬ್ಯಾಡಿ ಸ್ವಾಮೇರೆ."

ಶಶಿ ತಲೆ ಮೇಲೆ ಕೈ ಹೊತ್ತುಕೊಂಡು, "ಅವ್ವೋ, ದಾರಿ ಸಿಕ್ತಾ ಅದ, ಹಾಕು ಸಹಿಯ" ಅಂತ ಹಲ್ಲು ಕಡಿದ. ಅಳತೆಯವರು ಗುರುವಾರದವರೆಗೂ ಈ ಹೋಬಳಿಯಲ್ಲೇ ಇರುತ್ತೇವೆ, ಆಮೇಲೆ ಚಂದಕವಾಡಿ ಕಡೆ ಹೊರಟರೆ ಮತ್ತೆ ಆರು ತಿಂಗಳು ಇತ್ತ ಬರುವುದಿಲ್ಲ ಅಂತ ಹೇಳಿ ಯಂತ್ರ ಮಡಚಿದರು. ಯುಗಾದಿಗೆ ಹತ್ತು ದಿನವಿತ್ತು. ದಾರಿ ಬೇಕು ಅಂತ ಜೀವ ಬಡಿದುಕೊಳ್ಳುತ್ತಿತ್ತು, ಆದರೆ ಕೈ ಏಳುತ್ತಿರಲಿಲ್ಲ.

ಬುಧವಾರ ಮಧ್ಯಾಹ್ನ ಗುರುಪಾದಸ್ವಾಮಿಯವರು ಮತ್ತೆ ಬಂದರು. ಈ ಸಲ ಜಗಲಿಯ ಮೇಲೆ ಕೂರಲಿಲ್ಲ. ನಿಂತೇ ಹೇಳಿದರು.

"ನಿಜ ಹೇಳ್ಬುಡ್ತೀನಿ ಸೋಮಮ್ಮ. ನಿಮ್ಮ ಹೊಲದ ಕೆಳಗಳ ಮೂಲೇಲಿ ನಂಗ ಒಂದು ಪೈಪು ಹಾಯಿಸಬೇಕು. ಮ್ಯಾಗಳ ಬೋರಿಂದ ನಮ್ಮ ಕೆಳಗಳ ಹೊಲಕ್ಕ ನೀರು. ಸುತ್ತು ಹಾಕ್ಕಂಡು ಹೋದ್ರ ಭಾಳ ದೂರ ಆಯ್ತದ. ಅದ್ಕೇ ಎಂಟಡಿ ಕೊಡ್ತೀನಿ ಅಂದುದ್ದು."

ಆಹಾ! ನನಗೆ ಎಷ್ಟು ಖುಷಿಯಾಯಿತು ಅಂದರೆ, ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಮೂರು ವಾರದಿಂದ ಎದೆಯ ಮೇಲೆ ಕೂತಿದ್ದ ಭಾರ ಇಳಿದುಹೋಯಿತು. "ನೋಡುದ್ರಾ? ಇದ ಅವತ್ತೇ ಹೇಳುದ್ರ ಅವತ್ತೇ ಮುಗೀತಿತ್ತು. ಪೈಪು ತಾನೇ? ಹಾಯಿಸ್ಕಳಿ, ಯಾರ್ ಬ್ಯಾಡ ಅಂದರು?" ಅಂದೆ. ಪೈಪಿನ ವಿಚಾರವನ್ನೂ ಒಂದು ಕಾಗದದಲ್ಲಿ ಬರೆಸಿ, ಮಾರನೇ ದಿನ ಅಳತೆಯವರ ಮುಂದೆ ಗುಂಡಗೆ ಸಹಿ ಹಾಕಿದೆ.

ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಇರಲಿಲ್ಲ. ಡೇರಿಯಲ್ಲಿ ಹೇಳಿದೆ, ನಲ್ಲಿಯ ಹತ್ತಿರ ಹೇಳಿದೆ, ತೆರಕಣಾಂಬಿ ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರಿಗೆಲ್ಲ ಹೇಳಿದೆ. ಧರ್ಮ ಧರ್ಮ ಅಂತ ಬಂದ ಮುದುಕ ಹೇಗೆ ನನ್ನ ಮುಂದೆ ಬಾಯಿಬಿಟ್ಟ ಅನ್ನುವುದನ್ನು ಅವರ ದನಿಯಲ್ಲೇ ಅಣಕಿಸಿ ಹೇಳುತ್ತಿದ್ದೆ. ಪುಟ್ಟಮಲ್ಲಮ್ಮ ಬಿದ್ದು ಬಿದ್ದು ನಕ್ಕಳು. "ನಿನ್ನ ಮುಂದ ಯಾರ ಆಟ ನಡೆದದು ಕಣಕ್ಕ" ಅಂದಳು. ಆ ಮಾತು ನನಗೆ ಹೋಳಿಗೆ ತುಪ್ಪ ತಿಂದ ಹಾಗಿತ್ತು.

ಗುರುಪಾದಸ್ವಾಮಿಯವರು ಊರಿನಲ್ಲಿ ನ್ಯಾಯ ಹೇಳುತ್ತಿದ್ದವರು. ಅಣ್ಣತಮ್ಮಂದಿರು ಭಾಗಕ್ಕೆ ಕೂತರೆ, ಗಂಡ ಹೆಂಡತಿ ಜಗಳವಾಡಿದರೆ ಅವರನ್ನು ಕರೆಸುತ್ತಿದ್ದರು. ವೈಶಾಖದಲ್ಲಿ ನಮ್ಮೂರ ಶಿವಮಲ್ಲುವಿನ ಮನೆಯಲ್ಲಿ ಪಾಲಿನ ಮಾತು ಬಂದಾಗ ಯಾರೋ ಅವರ ಹೆಸರು ಎತ್ತಿದರಂತೆ. "ಅವರ್ನ ಕರುದ್ರ ನಮ್ಮನೇಲೂ ಒಂದು ಪೈಪು ಬುಡಬೇಕಾಯ್ತದ" ಅಂದನಂತೆ ಶಿವಮಲ್ಲು. ಎಲ್ಲರೂ ನಕ್ಕು ಬೇರೆಯವರನ್ನು ಕರೆದರು. ಅದನ್ನು ಕೇಳಿ ನಾನೂ ನಕ್ಕೆ.

ದಾರಿಯಾಯಿತು. ಶಶಿ ಜಲ್ಲಿ ಹೊಡೆಸಿದ. ಅವನ ಟೆಂಪೊ ಮೊದಲ ಸಲ ಹೊಲದೊಳಕ್ಕೆ ಬಂದು ಹಾರನ್ನು ಹೊಡೆದಾಗ ನನಗೆ ಅಳು ಬಂತು. ಶುಂಠಿಯ ಮಾತು ನಿಂತುಹೋಯಿತು. ಮಳೆ ಬಿದ್ದ ಮೇಲೆ ಚೆಂಡುಹೂ ಹಾಕಿದೆವು.

ಆದರೆ ಪೈಪು ಬರಲಿಲ್ಲ.

ಜ್ಯೇಷ್ಠ ಕಳೆಯಿತು, ಆಷಾಢ ಬಂತು. ಪೈಪೂ ಇಲ್ಲ, ಗುಳಿ ತೋಡುವವರೂ ಇಲ್ಲ. ಕೇಳಿದರೆ "ಹಾಕಿಸನ ತಾಳು" ಅನ್ನುತ್ತಿದ್ದರು. ನನಗೆ ಮತ್ತೆ ಶುರುವಾಯಿತು. ಇದು ಪೈಪಲ್ಲ, ಇದರ ಹಿಂದೆ ದೊಡ್ಡದೇನೋ ಇದೆ, ನಾನು ಸಹಿ ಹಾಕಿದ ಕಾಗದದಲ್ಲಿ ಏನೋ ಸೇರಿಸಿದ್ದಾರೆ. ಶಶಿಯ ಕೈಲಿ ಆ ಕಾಗದವನ್ನು ಮೂರು ಸಲ ಓದಿಸಿದೆ. ಮೂರನೇ ಸಲ ಅವನು ಕಾಗದವನ್ನು ನೆಲಕ್ಕೆ ಎಸೆದು ಎದ್ದುಹೋದ.

ಆಷಾಢದ ಒಂದು ಮಂಗಳವಾರ ಮೊಣಕಾಲು ತೋರಿಸಲು ಚಾಮರಾಜನಗರಕ್ಕೆ ಹೋಗಿದ್ದೆ. ಗುರುಪಾದಸ್ವಾಮಿಯವರ ಒಬ್ಬನೇ ಮಗ ಸೋಮಶೇಖರ್ ಅಲ್ಲಿ ಮೋಟಾರು, ಪಂಪು ಮಾರುವ ಅಂಗಡಿ ಇಟ್ಟಿದ್ದಾನೆ. ವಾಪಸ್ಸು ಬಸ್ಸಿಗೆ ಹೊತ್ತಿತ್ತು. ಅಪ್ಪನ ಗುಟ್ಟು ಮಗನ ಬಾಯಲ್ಲಿ ಸಿಗಬಹುದು ಅಂತ ಅಂಗಡಿಯ ಮುಂದೆ ಹೋಗಿ ನಿಂತೆ.

"ನಿಮ್ಮಪ್ಪಾರು ಪೈಪು ಯಾವಾಗ ಹಾಕಿಸರಂತಪ್ಪ?" ಅಂದೆ.

ಅವನ ಮುಖ ಕೆಂಪಗಾಯಿತು. "ಯಾವ ಪೈಪು?"

"ಕೆಳಗಳ ಹೊಲಕ್ಕ. ಅದ್ಕೇ ತಾನೇ ಎಂಟಡಿ ಕೊಟ್ಟುದ್ದು?"

"ಕೆಳಗಳ ಹೊಲ ನಮ್ಮಪ್ಪಂದಾ? ಅದು ನನ್ನ ಹೆಸರಿಗ ಆಗಿ ಐದು ತಿಂಗಳಾಯ್ತು! ನಿಮ್ಗ ಎಂಟಡಿ ಕೊಡ್ತೀನಿ ಅಂತ ಹೊರಟಾಗ್ಲೇ ನಾನು ಹೇಳ್ದೆ, ಊರೋರ್ಗೆಲ್ಲ ಹಂಚೋಕ್ಕಿಂತ ಮೊದಲು ನನ್ನ ಪಾಲ ನಂಗ ಕೊಡು ಅಂತ. ಶಿವರಾತ್ರಿ ಹಿಂದ್ಲ ವಾರನೇ ಬರಸ್ಕಂಡೆ. ಅವಾಗಿಂದ ಆ ಮನೆ ಹೊಸಲು ತುಳುದಿಲ್ಲ ನಾನು. ನನ್ನ ಹೊಲಕ್ಕ ಅಪ್ಪ ಯಾಕ ಪೈಪು ಹಾಕನು? ಅಲ್ಲಿ ನಂದೇ ಬೋರು ಅದ." ಅಷ್ಟು ಹೇಳಿ ದನಿ ಏರಿಸಿದ. "ಏನೂ ಇಸ್ಕಳ್ದೆ ರಸ್ತೆ ಮಗ್ಗುಲ ಜಾಗ ಬುಟ್ಕೊಡೋನು ತಲೆ ನೆಟ್ಟಗಿರೋನಾ? ಬುಡಲ್ಲ ಕಣಮ್ಮ ನಾನು. ಆಫೀಸಲ್ಲಿ ತಕರಾರು ಹಾಕ್ತೀನಿ, ನೋಡ್ತಾ ಇರು."

ಬಸ್ಸಿನಲ್ಲಿ ಕೂತು ಬೆರಳು ಮಡಚಿ ಲೆಕ್ಕ ಹಾಕಿದೆ. ಶಿವರಾತ್ರಿಯ ಹಿಂದಿನ ವಾರ ಮಗನಿಗೆ ಬರೆದುಕೊಟ್ಟರು. ಶಿವರಾತ್ರಿ ಕಳೆದ ಮೇಲೆ ನಮ್ಮ ಜಗಲಿಗೆ ಬಂದರು. ಯುಗಾದಿಯ ಹಿಂದಿನ ವಾರ ಪೈಪು ಕೇಳಿದರು. ಪೈಪು ಕೇಳಿದ ದಿನ ಆ ನೀರು ಹಾಯಲು ಅವರಿಗೆ ಹೊಲವೇ ಇರಲಿಲ್ಲ.

ಬಸ್ಸು ಹರವೆ ದಾಟುವವರೆಗೂ ಇದರಲ್ಲಿ ಮೋಸ ಎಲ್ಲಿದೆ ಅಂತ ಹುಡುಕಿದೆ. ಸಿಗಲಿಲ್ಲ.

ಸೀದಾ ಅವರ ಮನೆಗೆ ಹೋದೆ. ನಾಗರತ್ನಮ್ಮ ಒಬ್ಬರೇ ಅಲಸಂದೆಕಾಯಿ ಸುಲಿಯುತ್ತಿದ್ದರು. ಕೇಳಿದೆ. ಆಯಮ್ಮ ತಲೆ ಎತ್ತದೆ ಹೇಳಿದರು: "ಸುಮ್ನ ಕೊಟ್ರ ತಕ್ಕಳಲ್ಲ ಅವಳು, ಏನಾರ ಕೇಳಿದ್ರ ತಕ್ಕತಳ ಅಂದ್ರು. ಪೈಪು ಅಂತ ನಾನೇ ಹೇಳ್ಕೊಟ್ಟೆ, ಬೇರೆ ಏನೂ ಹೊಳೀಲಿಲ್ಲ. ನೀನು ಇಷ್ಟು ಸಾರ್ತೀಯ ಅಂತ ಗೊತ್ತಿರ್ಲಿಲ್ಲ ಸೋಮಮ್ಮ." ಆಮೇಲೆ ಕಣ್ಣು ಒರೆಸಿಕೊಂಡು, "ಮಗ ಮೊಮ್ಮಗೂನೂ ಕಳಿಸ್ತಿಲ್ಲ" ಅಂದರು.

ಥೂ ನನ್ನ ಜನ್ಮಕ್ಕಿಷ್ಟು ಅನ್ನಿಸಿತು. ಅವರ ಮುಂದೆ ಕೂತು ಒಂದು ಬೊಗಸೆ ಕಾಯಿ ಸುಲಿದು ಎದ್ದು ಬಂದೆ.

ಶ್ರಾವಣದ ಕೊನೆಗೆ ಗುಂಡ್ಲುಪೇಟೆಯಿಂದ ನೋಟಿಸು ಬಂತು. ಸೋಮಶೇಖರ್ ಹೇಳಿದ ಹಾಗೇ ಮಾಡಿದ್ದ. ತಂದೆಗೆ ತಲೆ ಸರಿಯಿಲ್ಲ, ಏನೂ ಪಡೆಯದೆ ಜಾಗ ಬಿಟ್ಟುಕೊಟ್ಟಿದ್ದಾರೆ, ಅದನ್ನು ರದ್ದು ಮಾಡಬೇಕು ಅಂತ ಅರ್ಜಿ. ಹೂವು ಅರಳಿ ಹೊಲವೆಲ್ಲ ಹಳದಿಯಾಗಿತ್ತು, ಓಣಂಗೆ ಹದಿನೈದು ದಿನವಿತ್ತು.

ವಿಚಾರಣೆಗೆ ಹೋಗುವಾಗ ಶಶಿ ದಾರಿಯುದ್ದಕ್ಕೂ ನನಗೆ ಪಾಠ ಹೇಳಿಕೊಟ್ಟ. "ಪೈಪಿಗೋಸ್ಕರ ಕೊಟ್ರು ಅಂತ ಹೇಳವ್ವ. ಕಾಗದ ಅದ. ಲಾಭ ನೋಡ್ಕಂಡು ಕೊಟ್ಟೋನ ತಲೆ ಸರಿ ಅದ ಅಂತ ಆಯ್ತದ, ಅರ್ಜಿ ಬಿದ್ದೋಯ್ತದ. ಬೇರೆ ಒಂದು ಮಾತೂ ಆಡಬ್ಯಾಡ." ಅರ್ಜಿ ಬರೆಯುವವನೂ ಅದನ್ನೇ ಹೇಳಿದ. ಕಚೇರಿಯ ಹೊರಗೆ ಬೇವಿನ ಮರದ ಕೆಳಗೆ ಗುರುಪಾದಸ್ವಾಮಿಯವರು ಒಬ್ಬರೇ ಕೂತಿದ್ದರು, ನಾನು ಹತ್ತಿರ ಹೋದೆ.

"ಪೈಪು ಅಂತಲೇ ಹೇಳು. ನಾನೂ ಅದ್ನೇ ಹೇಳ್ತೀನಿ" ಅಂದರು.

"ನಿಮ್ಗ ಯಾನ ಬಂತು ಸ್ವಾಮೇರೆ ಇದ್ರಿಂದ?" ಅಂದೆ. "ಮಗ ಹೋದ, ನೀರಿರೋ ಹೊಲ ಹೋಯ್ತು, ಹೆಸರು ಹೋಯ್ತು. ಹೆಸರ ನಾನೇ ಕಳುದೆ."

"ಏನೂ ಬರ್ಲಿಲ್ಲ. ಕೊಡಬಾರದಿತ್ತು ಅಂತಲೂ ಎಷ್ಟೋ ಸಲ ಅನ್ನಿಸ್ತದ" ಅಂದರು. ಸಿಡುಕಿನಲ್ಲೇ ಅಂದರು. "ಒಳ್ಳೇದು ಮಾಡುದ್ರ ನಿದ್ದ ಬತ್ತದ ಅಂತಾರಲ್ಲ, ಅದೂ ಸುಳ್ಳು. ಆದ್ರ ಅದು ನಮ್ದಲ್ಲ ಕಣವ್ವ, ನಾನೇನ್ ಮಾಡ್ಲಿ?"

ಒಳಗೆ ಕರೆದರು. ತಹಸೀಲ್ದಾರ್ ಸಾಹೇಬರು ಕನ್ನಡಕದ ಮೇಲಿನಿಂದ ಎಲ್ಲರನ್ನೂ ನೋಡಿ, ಮೊದಲು ಗುರುಪಾದಸ್ವಾಮಿಯವರನ್ನು ಕೇಳಿದರು. ಅವರು ಪೈಪಿನ ಕತೆ ಹೇಳಿದರು. ಪಾಪ, ಚೆನ್ನಾಗಿ ಸುಳ್ಳು ಹೇಳಲು ಬರುತ್ತಿರಲಿಲ್ಲ. ಎರಡು ಸಲ ತಡವರಿಸಿದರು. ಸೋಮಶೇಖರ್ "ಸಾರ್, ಆ ಹೊಲ ನಂದು" ಅಂದ. ಸಾಹೇಬರು ಕೈ ಎತ್ತಿ ಅವನನ್ನು ಸುಮ್ಮನಿರಿಸಿ ಪೈಪಿನ ಕಾಗದ ಓದಿದರು. ಓದಿ ನಕ್ಕರು.

"ಹೊಲ ಯಾರದ್ದಾದ್ರೂ ಆಗ್ಲಿ, ಮಗನ ಹೊಲಕ್ಕೆ ತಾನೇ ನೀರು ತಗೊಂಡು ಹೋಗ್ತಾ ಇದ್ದದ್ದು. ಪರವಾಗಿಲ್ಲ ಯಜಮಾನ್ರೇ! ಎಂಟಡಿ ಕೊಟ್ಟ ಹಾಗೆ ಮಾಡಿ ನೀರಿನ ದಾರಿ ಹೊಡ್ಕೊಂಡ್ರಿ. ಇವರ ತಲೆ ಸರಿ ಇಲ್ಲ ಅಂತಾನಲ್ಲಪ್ಪ ಮಗ, ನಮಗೆಲ್ಲ ವ್ಯವಹಾರ ಹೇಳ್ಕೊಡ್ತಾರೆ ಇವರು!"

ಗುಮಾಸ್ತರು ನಕ್ಕರು. ಬಾಗಿಲಲ್ಲಿ ನಿಂತಿದ್ದ ಜವಾನನೂ ನಕ್ಕ. ಶಶಿ ಎಲ್ಲರಿಗಿಂತ ಜೋರಾಗಿ ನಕ್ಕ. ಗುರುಪಾದಸ್ವಾಮಿಯವರು ತಲೆ ತಗ್ಗಿಸಿ ಟವೆಲಿನ ಅಂಚು ತಿರುಚುತ್ತ ನಿಂತಿದ್ದರು. ಆ ನಗು ನನಗೆ ಗುರುತು ಸಿಕ್ಕಿತು. ಡೇರಿಯಲ್ಲಿ, ನಲ್ಲಿಯಲ್ಲಿ, ಬಸ್ಸಿನಲ್ಲಿ ನಾನೇ ಹಂಚಿದ್ದ ನಗು ಅದು.

ಸಾಹೇಬರು ನನ್ನ ಕಡೆ ತಿರುಗಿದರು. "ಏನಮ್ಮ, ಪೈಪಿಗೋಸ್ಕರ ತಾನೇ ಕೊಟ್ಟಿದ್ದು? ಹೂಂ ಅನ್ನು, ಮುಗಿಸ್ತೀನಿ."

ಹೂಂ ಅಂದಿದ್ದರೆ ಮುಗಿಯುತ್ತಿತ್ತು. ದಾರಿ ನನ್ನದಾಗುತ್ತಿತ್ತು, ಹೂವು ಟೆಂಪೊದಲ್ಲಿ ಹೋಗುತ್ತಿತ್ತು. ಮಾದಪ್ಪನಾಣೆ, ಅದನ್ನೇ ಹೇಳಬೇಕು ಅಂತಲೇ ಬಾಯಿ ತೆಗೆದೆ.

"ಇಲ್ಲ ಸ್ವಾಮಿ" ಅಂದೆ. "ಪೈಪು ಸುಳ್ಳು. ಅವರಿಗ ಆ ಹೊಲನೇ ಇರ್ಲಿಲ್ಲ. ನಾನು ಸುಮ್ನ ಇಸ್ಕಳಲ್ಲ ಅಂದುದ್ಕ ಸುಳ್ಳು ಹೇಳುದ್ರು. ಅವರು ಸುಮ್ನ ಕೊಟ್ರು. ನಮ್ದಲ್ಲ ಅಂತ ಕೊಟ್ರು, ಅಷ್ಟೇಯ."

ಶಶಿ ನನ್ನ ತೋಳು ಹಿಡಿದು ಜಗ್ಗಿದ. ಗುರುಪಾದಸ್ವಾಮಿಯವರು ತಲೆ ಎತ್ತಿ ನನ್ನನ್ನೇ ನೋಡುತ್ತಿದ್ದರು. ಬೇಡ ಅನ್ನುವ ಹಾಗಿತ್ತು ಆ ನೋಟ.

ಸಾಹೇಬರ ನಗು ನಿಂತಿತು. ಕಣ್ಣು ಸಣ್ಣದು ಮಾಡಿ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. ಆಮೇಲೆ ಅವರನ್ನು. ಮತ್ತೆ ನನ್ನನ್ನು.

"ಸುಮ್ಮನೆ ಕೊಟ್ರಾ? ರಸ್ತೆ ಪಕ್ಕದ ಜಾಗನ? ಯಾರಮ್ಮ ಕೊಡ್ತಾರೆ ಹಾಗೆ? ಮೊದಲು ಪೈಪು ಅಂತೀರಿ, ಸಹಿ ಹಾಕಿ ಕೊಡ್ತೀರಿ, ಈಗ ಸುಳ್ಳು ಅಂತೀಯ. ನಿಜ ಹೇಳು, ಏನು ನಡೀತಾ ಇದೆ ನಿಮ್ಮಿಬ್ಬರ ಮಧ್ಯೆ?"

"ಏನೂ ಇಲ್ಲ ಸ್ವಾಮಿ."

"ಏನೂ ಇಲ್ಲದೆ ಏನೂ ಆಗಲ್ಲ" ಅಂತ ಫೈಲು ಮುಚ್ಚಿದರು. ಒಬ್ಬೊಬ್ಬರು ಒಂದೊಂದು ಹೇಳುತ್ತಿರುವುದರಿಂದ ಮತ್ತೆ ವಿಚಾರಣೆ, ಮತ್ತೆ ಅಳತೆ. ಅಲ್ಲಿಯವರೆಗೆ ಜಾಗ ಮೊದಲು ಹೇಗಿತ್ತೋ ಹಾಗೆ. ಯಾರೂ ಗಾಡಿ ಓಡಿಸಬಾರದು.

ಮಾರನೇ ದಿನ ಸೋಮಶೇಖರ್ ಬಂದು ದಾರಿಯ ಬಾಯಿಗೆ ಮುಳ್ಳುತಂತಿ ಬಿಗಿದ. ಅಪ್ಪ ರಸ್ತೆಯಲ್ಲೇ ನಿಂತಿದ್ದರೂ ಮಾತಾಡಿಸಲಿಲ್ಲ.

ಹೂ ಬಿಡಿಸುವ ದಿನ ನೀಲಾವತಿ, ಪುಟ್ಟಮಲ್ಲಮ್ಮ ಮುಯ್ಯಾಳಿಗೆ ಬಂದರು. ಸಾಲಿನಲ್ಲಿ ಬಗ್ಗಿಕೊಂಡೇ ಅವರಿಗೆ ನಡೆದದ್ದನ್ನೆಲ್ಲ ಬಿಡಿಸಿ ಬಿಡಿಸಿ ಹೇಳಿದೆ. ನನ್ನದೇ ತಪ್ಪು, ಆ ಮನುಷ್ಯ ಚಿನ್ನ, ಅಣಕಿಸಿದ ಬಾಯಿಗೆ ಹುಳ ಬೀಳಲಿ ಅಂದೆ. ಪುಟ್ಟಮಲ್ಲಮ್ಮ ಕೈ ನಿಲ್ಲಿಸದೆ ಕೇಳಿಸಿಕೊಂಡಳು. ಮುಗಿದ ಮೇಲೆ ನೀಲಾವತಿಯ ಮುಖ ನೋಡಿದಳು, ನೀಲಾವತಿ ಅವಳ ಮುಖ ನೋಡಿದಳು.

"ಹಂಗಾರ ಇದ್ನ ಹೇಳ್ಸಕ್ಕ ಈಗ ನಿನ್ನ ಎಂಗ್ ಬುಟ್ಟಿಗ ಹಾಕ್ಕಂಡ್ರು ಅವರು?" ಅಂದಳು ಪುಟ್ಟಮಲ್ಲಮ್ಮ.

ನಾನು ಆಣೆ ಹಾಕಿದೆ. ಅವಳು "ಇರ್ಲಿ ಬುಡಕ್ಕ, ನಮ್ಗ್ಯಾಕ" ಅಂದು ಮುಂದಿನ ಸಾಲಿಗೆ ಹೋದಳು.

ಮೂಟೆಗಳನ್ನು ತಲೆ ಮೇಲೆ ಹೊತ್ತು ಬದುವಿನ ಮೇಲೇ ದಾಟಿದೆವು. ಮೊಣಕಾಲಿಗೆ ಬಟ್ಟೆ ಬಿಗಿದುಕೊಂಡಿದ್ದೆ. ಆರನೇ ಮೂಟೆಗೆ ನಾನು ರಸ್ತೆಯ ಅಂಚಿನಲ್ಲೇ ಕುಸಿದು ಕೂತೆ. ಟೆಂಪೊಗೆ ಒರಗಿ ನಿಂತಿದ್ದ ಶಶಿ ಬಂದು ಮೂಟೆ ಇಳಿಸಿಕೊಂಡ. ಗುಂಡ್ಲುಪೇಟೆಯಿಂದ ಬಂದಾಗಿನಿಂದ ಅವನು ನನ್ನ ಜೊತೆ ಒಂದು ಮಾತೂ ಆಡಿರಲಿಲ್ಲ. ಈಗ ನನ್ನ ಎದುರು ಕುಕ್ಕರುಗಾಲಿನಲ್ಲಿ ಕೂತ. ಸಿಟ್ಟಿರಲಿಲ್ಲ ಅವನಲ್ಲಿ. ದನಿ ತಗ್ಗಿಸಿ, ಅಕ್ಕಪಕ್ಕ ನೋಡಿ ಕೇಳಿದ.

"ಅವ್ವ, ಯಾರ್ಗೂ ಹೇಳಲ್ಲ. ನನ್ನ ಹತ್ರನಾರ ನಿಜ ಹೇಳು. ಕಚೇರೀಲಿ ಆ ಮಾತಾಡಕ್ಕ ನಿಂಗ ಅವರು ಯಾನ ಕೊಡ್ತೀನಿ ಅಂದವ್ರ?"

"ಏನೂ ಇಲ್ಲ ಕಣಪ್ಪ" ಅಂದೆ.

ಅವನು ಕಣ್ಣು ಸಣ್ಣದು ಮಾಡಿ ನನ್ನನ್ನು ಸ್ವಲ್ಪ ಹೊತ್ತು ನೋಡಿದ. ಹಾಗೆ ನೋಡುವುದನ್ನು ಅವನಿಗೆ ಕಲಿಸಿದವಳು ನಾನೇ. ಆಮೇಲೆ ಎದ್ದು ಮಣ್ಣು ಕೊಡವಿಕೊಂಡು ಮುಂದಿನ ಮೂಟೆ ತರಲು ಬದುವಿನ ಕಡೆ ಹೋದ.